ಚಿಯಾ ಬೀಜ ಮತ್ತು ಹಸಿವಿನ ನಿಯಂತ್ರಣ

ಚಿಯಾ ಬೀಜವು ತುಳಸಿಯ ಕುಟುಂಬಕ್ಕೆ (ಲೇಮಿಯೇಸಿ) ಸೇರಿದ ಸಾಲ್ವಿಯಾ ಹಿಸ್ಪಾನಿಕಾ ಎಂಬ ಸಸ್ಯದ ಬೀಜ. ನೀರಿನಲ್ಲಿ ನೆನೆದಾಗ ಇದು ಉಬ್ಬಿ ಲೋಳೆಯಂತಾಗುತ್ತದೆ. ಈ ಗುಣದಿಂದ ಹಾಗೂ ಇದರಲ್ಲಿರುವ ಹೆಚ್ಚಿನ ನಾರಿನಾಂಶದಿಂದ ಚಿಯಾ ಸೇವನೆಯು ಹಸಿವನ್ನು ತಗ್ಗಿಸುತ್ತದೆ, ತೂಕ ಇಳಿಸಲು ನೆರವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸೇವಿಸಿದ ಕೆಲವು ಗಂಟೆಗಳವರೆಗೆ ಹೊಟ್ಟೆ ತುಂಬಿದ ಭಾವ ಹೆಚ್ಚುತ್ತದೆ ಎಂಬುದಕ್ಕೆ ಸಣ್ಣ ಪ್ರಯೋಗಗಳ ಬೆಂಬಲವಿದೆ. ಆದರೆ ಆಹಾರಕ್ರಮವನ್ನು ಬದಲಿಸದೆ ಚಿಯಾ ಒಂದನ್ನೇ ಸೇರಿಸಿಕೊಂಡರೆ ತೂಕ ಇಳಿಯುತ್ತದೆ ಎಂಬುದು ದೀರ್ಘಾವಧಿಯ ಪ್ರಯೋಗಗಳಲ್ಲಿ ಸಾಬೀತಾಗಿಲ್ಲ.

ಕರ್ನಾಟಕದಲ್ಲಿ ಚಿಯಾ ಇತ್ತೀಚಿನ ಬೆಳೆ. ಮೈಸೂರು ಸೀಮೆಯಲ್ಲಿ ಇದರ ಬೇಸಾಯ ನಡೆಯುತ್ತಿದೆ. ಕೋಲಾರ ಚಿನ್ನದ ಗಣಿ (ಕೆಜಿಎಫ್) ಮತ್ತು ಬಂಗಾರಪೇಟೆಯಂತಹ ರಾಗಿ ಸೀಮೆಯ ಊರುಗಳಲ್ಲಿ ‘ಹೊಟ್ಟೆಯಲ್ಲಿ ನಿಲ್ಲುವ’ ಆಹಾರವೆಂಬ ಹೆಸರು ಬಹುಕಾಲದಿಂದ ರಾಗಿ ಮುದ್ದೆಗೆ ಸಂದಿದೆ. ಆದ್ದರಿಂದ ಚಿಯಾದ ಗುಣಗಳನ್ನು ಸ್ಥಳೀಯ ಆಹಾರಗಳೊಡನೆ ಹೋಲಿಸಿ ನೋಡುವುದು ಉಪಯುಕ್ತ.

ಹಿನ್ನೆಲೆ

ಚಿಯಾದ ಮೂಲ ನೆಲೆ ಮೆಕ್ಸಿಕೋದ ಮಧ್ಯ ಮತ್ತು ದಕ್ಷಿಣ ಭಾಗಗಳು ಹಾಗೂ ಗ್ವಾಟೆಮಾಲಾ. ಅಲ್ಲಿನ ಅಜ್ಟೆಕ್ ಜನರಿಗೆ ಇದು ಮೆಕ್ಕೆಜೋಳ ಮತ್ತು ಹುರುಳಿಕಾಯಿ ಜಾತಿಯ ಕಾಳುಗಳಂತೆಯೇ ಮುಖ್ಯ ಆಹಾರವಾಗಿತ್ತು. 16ನೆಯ ಶತಮಾನದ ಮೆಂಡೋಜಾ ಹಸ್ತಪ್ರತಿಯಲ್ಲಿ ಅಧೀನ ಪ್ರಾಂತ್ಯಗಳು ಕಪ್ಪವಾಗಿ ಸಲ್ಲಿಸುತ್ತಿದ್ದ ವಸ್ತುಗಳ ಪಟ್ಟಿಯಲ್ಲಿ ಚಿಯಾ ಕೂಡ ಇದೆ. ‘ಚಿಯಾ’ ಎಂಬ ಹೆಸರು ನಾವಾಟಲ್ ಭಾಷೆಯಿಂದ ಬಂದುದು. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನಿಯಸ್ 1753ರಲ್ಲಿ ಈ ಸಸ್ಯಕ್ಕೆ ವೈಜ್ಞಾನಿಕ ಹೆಸರನ್ನು ನೀಡಿದನು.

ಐರೋಪ್ಯ ಒಕ್ಕೂಟವು 2009ರಲ್ಲಿ ಬ್ರೆಡ್ಡಿನಲ್ಲಿ ಶೇ. 5ರವರೆಗೆ ಚಿಯಾ ಬಳಸಲು ಅನುಮತಿ ನೀಡಿತು. 2013ರಲ್ಲಿ ಇತರ ಬೇಕರಿ ತಿನಿಸು ಮತ್ತು ಉಪಾಹಾರದ ಧಾನ್ಯಗಳಿಗೆ ಈ ಅನುಮತಿಯನ್ನು ಶೇ. 10ರ ಮಿತಿಯೊಡನೆ ವಿಸ್ತರಿಸಿತು. ಬಿಡಿಯಾಗಿ ಮಾರುವ ಬೀಜದ ಪೊಟ್ಟಣದ ಮೇಲೆ ದಿನಕ್ಕೆ 15 ಗ್ರಾಂ ಮೀರಬಾರದೆಂಬ ಸೂಚನೆ ಇರಬೇಕೆಂದೂ ಆಗ ನಿಗದಿಪಡಿಸಲಾಯಿತು.

ಪೋಷಕಾಂಶಗಳು

ಅಮೆರಿಕದ ಕೃಷಿ ಇಲಾಖೆಯ ಆಹಾರ ದತ್ತಾಂಶದ ಪ್ರಕಾರ 100 ಗ್ರಾಂ ಒಣ ಚಿಯಾ ಬೀಜದಲ್ಲಿರುವ ಪ್ರಮಾಣಗಳು ಹೀಗಿವೆ:

- ಶಕ್ತಿ: 486 ಕಿಲೋಕ್ಯಾಲೊರಿ
- ಪ್ರೋಟೀನು: 16.5 ಗ್ರಾಂ
- ಕೊಬ್ಬು: 30.7 ಗ್ರಾಂ (ಇದರಲ್ಲಿ ಸುಮಾರು 17.8 ಗ್ರಾಂ ಒಮೇಗಾ-3 ವರ್ಗದ ಆಲ್ಫಾ ಲಿನೋಲೆನಿಕ್ ಆಮ್ಲ)
- ಶರ್ಕರಪಿಷ್ಟ: 42.1 ಗ್ರಾಂ (ಇದರಲ್ಲಿ 34.4 ಗ್ರಾಂ ನಾರಿನಾಂಶ)
- ಕ್ಯಾಲ್ಸಿಯಂ: 631 ಮಿಲಿಗ್ರಾಂ
- ಕಬ್ಬಿಣ: 7.7 ಮಿಲಿಗ್ರಾಂ

ಒಂದು ದೊಡ್ಡ ಚಮಚ ಚಿಯಾ ಸುಮಾರು 12 ಗ್ರಾಂ ತೂಗುತ್ತದೆ. ಅದರಿಂದ ಸುಮಾರು 4 ಗ್ರಾಂ ನಾರು, 2 ಗ್ರಾಂ ಪ್ರೋಟೀನು ಮತ್ತು 58 ಕಿಲೋಕ್ಯಾಲೊರಿ ಶಕ್ತಿ ದೊರೆಯುತ್ತದೆ. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಾಂಶವನ್ನು ಆಹಾರದಿಂದಲೇ ಪಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಈ ಲೆಕ್ಕದಲ್ಲಿ ಒಂದು ಚಮಚ ಚಿಯಾ ದಿನದ ಅಗತ್ಯದ ಆರನೆಯ ಒಂದು ಭಾಗವನ್ನಷ್ಟೇ ಪೂರೈಸುತ್ತದೆ. ಕೊಬ್ಬಿನಾಂಶ ಹೆಚ್ಚಿರುವುದರಿಂದ ಚಿಯಾ ಕಡಿಮೆ ಶಕ್ತಿಯ ಆಹಾರವಲ್ಲ ಎಂಬುದೂ ಗಮನಾರ್ಹ.

ಹಸಿವಿನ ಮೇಲೆ ಪರಿಣಾಮ ಬೀರುವ ಬಗೆ

ಚಿಯಾ ಬೀಜದ ಹೊರಸಿಪ್ಪೆಯ ಕೋಶಗಳಲ್ಲಿರುವ ಲೋಳೆಯು ನೀರು ತಗುಲಿದಾಗ ಹೊರಬಂದು ಬೀಜದ ಸುತ್ತ ಪಾರದರ್ಶಕ ಪದರವಾಗಿ ನಿಲ್ಲುತ್ತದೆ. ಬೀಜವು ತನ್ನ ತೂಕದ ಸುಮಾರು ಹತ್ತು ಪಟ್ಟು ನೀರನ್ನು ಹಿಡಿದಿಡಬಲ್ಲದು. ಇದರಿಂದ ಹಸಿವು ತಗ್ಗಬಹುದಾದ ಮಾರ್ಗಗಳನ್ನು ಹೀಗೆ ವಿವರಿಸಲಾಗುತ್ತದೆ:

- ಗಾತ್ರ: ಉಬ್ಬಿದ ಬೀಜವು ಜಠರದಲ್ಲಿ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಜಠರದ ಗೋಡೆ ಹಿಗ್ಗಿದಾಗ ವೇಗಸ್ ನರದ ಮೂಲಕ ಮಿದುಳಿಗೆ ಹೊಟ್ಟೆ ತುಂಬಿದ ಸಂದೇಶ ಹೋಗುತ್ತದೆ.
- ಸ್ನಿಗ್ಧತೆ: ಕರಗುವ ನಾರು ಜಠರದಲ್ಲಿನ ಆಹಾರವನ್ನು ಮಂದವಾಗಿಸುತ್ತದೆ. ಆಹಾರವು ಕರುಳಿಗೆ ನಿಧಾನವಾಗಿ ಇಳಿಯುವುದರಿಂದ ರಕ್ತದ ಸಕ್ಕರೆಯೂ ನಿಧಾನವಾಗಿ ಏರುತ್ತದೆ.
- ಹಾರ್ಮೋನುಗಳು: ಪೋಷಕಾಂಶಗಳು ಕರುಳಿನ ಕೆಳಭಾಗವನ್ನು ತಲುಪಿದಾಗ ಮತ್ತು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿದಾಗ ಜಿಎಲ್‌ಪಿ-1, ಪಿವೈವೈ ಮುಂತಾದ ತೃಪ್ತಿಕಾರಕ ಹಾರ್ಮೋನುಗಳ ಸ್ರಾವಕ್ಕೆ ಪ್ರಚೋದನೆ ಸಿಗುತ್ತದೆ.
- ಪ್ರೋಟೀನು ಮತ್ತು ಕೊಬ್ಬು: ಇವೆರಡೂ ಜೀರ್ಣವಾಗಲು ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ.

ಆದರೆ ಚಿಯಾದ ನಾರಿನಲ್ಲಿ ಬಹುಪಾಲು ಕರಗದ ನಾರು. ಲೋಳೆಯನ್ನುಂಟುಮಾಡುವ ಕರಗುವ ನಾರಿನ ಪಾಲು ಚಿಕ್ಕದು. ಲೋಟದಲ್ಲಿ ಉಬ್ಬಿ ಕಾಣುವ ಬೀಜವು ಜಠರದಲ್ಲಿಯೂ ಗಂಟೆಗಟ್ಟಲೆ ಅದೇ ಗಾತ್ರದಲ್ಲಿ ನಿಲ್ಲುತ್ತದೆ ಎಂದು ಭಾವಿಸುವಂತಿಲ್ಲ. ಹಸಿವು ಎಂಬುದು ಜಠರದ ಗಾತ್ರವೊಂದರಿಂದಲೇ ನಿರ್ಧಾರವಾಗುವುದೂ ಇಲ್ಲ. ನಿದ್ರೆ, ದುಡಿಮೆ, ಊಟದ ಹೊತ್ತು, ರುಚಿ, ಅಭ್ಯಾಸ ಮತ್ತು ದೇಹದಲ್ಲಿನ ಕೊಬ್ಬಿನ ಸಂಗ್ರಹ ಇವೆಲ್ಲವೂ ಅದರಲ್ಲಿ ಪಾತ್ರ ವಹಿಸುತ್ತವೆ.

ಅಲ್ಪಾವಧಿಯ ಪ್ರಯೋಗಗಳು

2010ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ 11 ಮಂದಿ ಆರೋಗ್ಯವಂತರಿಗೆ 7, 15 ಅಥವಾ 24 ಗ್ರಾಂ ಚಿಯಾ ಸೇರಿಸಿ ಸುಟ್ಟ ಬಿಳಿ ಬ್ರೆಡ್ಡನ್ನು ನೀಡಲಾಯಿತು. ಚಿಯಾದ ಪ್ರಮಾಣ ಹೆಚ್ಚಿದಂತೆ ಊಟದ ನಂತರದ ರಕ್ತದ ಸಕ್ಕರೆಯ ಏರಿಕೆ ಕಡಿಮೆಯಾಯಿತು. ಎರಡು ಗಂಟೆಗಳ ಹೊತ್ತಿಗೆ ಮೂರೂ ಪ್ರಮಾಣಗಳಲ್ಲಿ ಹಸಿವಿನ ಅಂಕ ಸಾಮಾನ್ಯ ಬ್ರೆಡ್ಡಿಗಿಂತ ಕೆಳಗಿತ್ತು.

2017ರಲ್ಲಿ ಪ್ರಕಟವಾದ ಟರ್ಕಿಯ ಪ್ರಯೋಗದಲ್ಲಿ 24 ಮಹಿಳೆಯರಿಗೆ ಬೆಳಗಿನ ಉಪಾಹಾರ ಮತ್ತು ಮಧ್ಯಾಹ್ನದ ಊಟದ ನಡುವೆ ಬರಿಯ ಮೊಸರು, ಇಲ್ಲವೇ 7 ಅಥವಾ 14 ಗ್ರಾಂ ಚಿಯಾ ಬೆರೆಸಿದ ಮೊಸರನ್ನು ನೀಡಲಾಯಿತು. ಚಿಯಾ ತಿಂದ ದಿನಗಳಲ್ಲಿ ಹಸಿವು ಕಡಿಮೆಯೆಂದು ಅವರು ವರದಿ ಮಾಡಿದರು. ಮಧ್ಯಾಹ್ನದ ಊಟದಲ್ಲಿ ಕಡಿಮೆ ಶಕ್ತಿಯನ್ನು ಸೇವಿಸಿದರು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ 15 ಮಂದಿಗೆ ಚಿಯಾ ಮತ್ತು ಅಗಸೆ ಬೀಜಗಳನ್ನು ನೀಡಿ ಹೋಲಿಸಲಾಯಿತು. ಎರಡೂ ಸಕ್ಕರೆಯ ಏರಿಕೆಯನ್ನು ತಗ್ಗಿಸಿದರೂ ಚಿಯಾದ ಪರಿಣಾಮ ಹೆಚ್ಚಾಗಿತ್ತು.

ಈ ಪ್ರಯೋಗಗಳೆಲ್ಲ ಚಿಕ್ಕವು. ಒಂದು ಹೊತ್ತಿನ ಆಹಾರದ ಪರಿಣಾಮವನ್ನು ಮಾತ್ರ ಇವು ಅಳೆದಿವೆ. ಮಧ್ಯಾಹ್ನ ಕಡಿಮೆ ಉಂಡವರು ರಾತ್ರಿ ಹೆಚ್ಚು ಉಂಡರೆ ದಿನದ ಒಟ್ಟು ಲೆಕ್ಕ ಬದಲಾಗದು. ತೂಕದ ಪ್ರಶ್ನೆಗೆ ಉತ್ತರ ದೊರೆಯಬೇಕಾದುದು ವಾರ, ತಿಂಗಳುಗಳ ಕಾಲ ನಡೆದ ಪ್ರಯೋಗಗಳಿಂದ.

ದೀರ್ಘಾವಧಿಯ ಪ್ರಯೋಗಗಳು

ಅಮೆರಿಕದ ಅಪಲೇಚಿಯನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡವು 2009ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ. ಅಧಿಕ ತೂಕವಿದ್ದ ವಯಸ್ಕರು 12 ವಾರಗಳ ಕಾಲ ದಿನಕ್ಕೆ ಎರಡು ಬಾರಿ ತಲಾ 25 ಗ್ರಾಂ ಚಿಯಾವನ್ನು ನೀರಿನಲ್ಲಿ ಕಲಸಿ ಊಟಕ್ಕೆ ಮುಂಚೆ ಸೇವಿಸಿದರು. 76 ಮಂದಿ ಅಧ್ಯಯನವನ್ನು ಪೂರ್ಣಗೊಳಿಸಿದರು. ಚಿಯಾ ಸೇವಿಸಿದವರಿಗೂ ಹೋಲಿಕೆಯ ಗುಂಪಿನವರಿಗೂ ದೇಹದ ತೂಕ, ಕೊಬ್ಬು, ರಕ್ತದೊತ್ತಡ ಮೊದಲಾದ ಅಂಶಗಳಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ದಿನಕ್ಕೆ 50 ಗ್ರಾಂ ಎಂಬುದು ನಾಲ್ಕು ದೊಡ್ಡ ಚಮಚಗಳಿಗೂ ಹೆಚ್ಚು. ಅದರಲ್ಲಿ ಸುಮಾರು 17 ಗ್ರಾಂ ನಾರಿನೊಡನೆ ಸುಮಾರು 243 ಕಿಲೋಕ್ಯಾಲೊರಿ ಶಕ್ತಿಯೂ ಇರುತ್ತದೆ.

ಇದಕ್ಕೆ ಭಿನ್ನವಾದ ಫಲಿತಾಂಶ 2017ರಲ್ಲಿ ಕೆನಡಾದಿಂದ ಬಂದಿತು. ಟೈಪ್-2 ಮಧುಮೇಹ ಮತ್ತು ಅಧಿಕ ತೂಕವಿದ್ದ 77 ಮಂದಿ ಆರು ತಿಂಗಳು ಮಿತ ಶಕ್ತಿಯ ಆಹಾರಕ್ರಮವನ್ನು ಅನುಸರಿಸಿದರು. ಒಂದು ಗುಂಪು ಪ್ರತಿ 1000 ಕಿಲೋಕ್ಯಾಲೊರಿಗೆ 30 ಗ್ರಾಂನಂತೆ ಚಿಯಾ ಸೇವಿಸಿತು. ಇನ್ನೊಂದು ಗುಂಪಿಗೆ ಓಟ್ಸ್ ತೌಡು ಆಧಾರಿತ ಆಹಾರ ದೊರೆಯಿತು. ಚಿಯಾ ಗುಂಪಿನ ತೂಕ ಸರಾಸರಿ 1.9 ಕಿಲೋಗ್ರಾಂ ಇಳಿದರೆ, ಇನ್ನೊಂದು ಗುಂಪಿನದು 0.3 ಕಿಲೋಗ್ರಾಂ ಇಳಿಯಿತು. ಅಂದರೆ ಪರಿಣಾಮವಿದ್ದರೂ ಅದು ಅಲ್ಪ. ದೊರೆತದ್ದು ಊಟದ ಮಿತಿಯೊಡನೆ, ದೊಡ್ಡ ಪ್ರಮಾಣದ ಸೇವನೆಯಿಂದ.

2018ರಲ್ಲಿ ಪ್ರಕಟವಾದ ಸಮಗ್ರ ವಿಮರ್ಶೆಯೊಂದು 12 ಪ್ರಯೋಗಗಳನ್ನು ಪರಿಶೀಲಿಸಿ, ಬಹುತೇಕ ಅಂಶಗಳಲ್ಲಿ ಚಿಯಾದಿಂದ ಗಣನೀಯ ವ್ಯತ್ಯಾಸವಿಲ್ಲವೆಂದೂ ಲಭ್ಯ ಸಾಕ್ಷ್ಯದ ಗುಣಮಟ್ಟ ಕೆಳಮಟ್ಟದ್ದೆಂದೂ ಅಭಿಪ್ರಾಯಪಟ್ಟಿತು.

ಕರ್ನಾಟಕದಲ್ಲಿ ಚಿಯಾ

ಮೈಸೂರಿನಲ್ಲಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು (ಸಿಎಫ್‌ಟಿಆರ್‌ಐ) 1950ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ. 2010ರ ದಶಕದಲ್ಲಿ ಇದು ಚಿಯಾ ಮತ್ತು ಕಿನೋವಾ ಬೆಳೆಗಳನ್ನು ಇಲ್ಲಿನ ಹವೆಗೆ ಹೊಂದಿಸುವ ಕಾರ್ಯವನ್ನು ಕೈಗೊಂಡು ರೈತರಿಗೆ ಪರಿಚಯಿಸಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಮೊದಲಾದ ತಾಲ್ಲೂಕುಗಳಲ್ಲಿ ಇದರ ಬೇಸಾಯ ಹಬ್ಬಿತು. ಚಿಯಾ ಹಗಲಿನ ಅವಧಿ ಕಡಿಮೆಯಾದಾಗ ಹೂ ಬಿಡುವ ಸಸ್ಯವಾದ್ದರಿಂದ ಬಿತ್ತನೆಯ ಕಾಲ ಮುಖ್ಯವಾಗುತ್ತದೆ. ಸಂಸ್ಥೆಯು ‘ಚಿಯಾಂಪಿಯನ್’ ಎಂಬ ಹೆಸರಿನಲ್ಲಿ ಕಪ್ಪು ಮತ್ತು ಬಿಳಿ ಬೀಜದ ತಳಿಗಳನ್ನೂ ಅಭಿವೃದ್ಧಿಪಡಿಸಿದೆ.

ಮಾರುಕಟ್ಟೆಯಲ್ಲಿ ಚಿಯಾವನ್ನು ಕಾಮಕಸ್ತೂರಿ ಬೀಜದೊಡನೆ (ಸಬ್ಜಾ) ಗೊಂದಲ ಮಾಡಿಕೊಳ್ಳುವುದುಂಟು. ಎರಡೂ ಒಂದೇ ಕುಟುಂಬದವು. ಎರಡೂ ನೀರಿನಲ್ಲಿ ಲೋಳೆಗಟ್ಟುತ್ತವೆ. ಬೇಸಿಗೆಯ ಪಾನಕ, ಶರಬತ್ತು ಮತ್ತು ಫಲೂದಾಗಳಲ್ಲಿ ಬಳಕೆಯಲ್ಲಿರುವುದು ಕಾಮಕಸ್ತೂರಿ. ಅದರ ಬೀಜ ಅಚ್ಚ ಕಪ್ಪಾಗಿದ್ದು ಕೆಲವೇ ನಿಮಿಷಗಳಲ್ಲಿ ಉಬ್ಬುತ್ತದೆ. ಚಿಯಾ ಬೀಜವು ನುಣುಪಾಗಿ, ಬೂದು ಮತ್ತು ಕಂದು ಚುಕ್ಕೆಗಳಿಂದ ಕೂಡಿದ್ದು ಉಬ್ಬಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಮೇಲೆ ಹೇಳಿದ ಪ್ರಯೋಗಗಳು ಚಿಯಾಕ್ಕೆ ಸಂಬಂಧಿಸಿದವು; ಅವುಗಳ ಫಲಿತಾಂಶವನ್ನು ಕಾಮಕಸ್ತೂರಿಗೆ ನೇರವಾಗಿ ಅನ್ವಯಿಸಲಾಗದು.

ಕೋಲಾರ ಸೀಮೆಯ ಆಹಾರದೊಡನೆ ಹೋಲಿಕೆ

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಕೆರೆ ಮತ್ತು ಮಳೆಯನ್ನು ನಂಬಿದ ಬೇಸಾಯದ ಮುಖ್ಯ ಧಾನ್ಯ ರಾಗಿ. ಬಂಗಾರಪೇಟೆ ಮತ್ತು ಕೆಜಿಎಫ್ ಸುತ್ತಲಿನ ಹಳ್ಳಿಗಳಲ್ಲಿ ಮುದ್ದೆಯನ್ನು ಸೊಪ್ಪಿನ ಸಾರು, ಬಸ್ಸಾರು, ಹುರುಳಿ ಅಥವಾ ಅವರೆಕಾಳಿನ ಸಾರಿನೊಡನೆ ಉಣ್ಣುವುದು ವಾಡಿಕೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಬಳಿಕ ಇಲ್ಲಿನ ಅನೇಕರು ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಮೆಗೆ ಹೋಗಿಬರುತ್ತಾರೆ. ನಸುಕಿನಲ್ಲಿ ಮನೆ ಬಿಟ್ಟು ರಾತ್ರಿ ಮರಳುವವರಿಗೆ ದೀರ್ಘಕಾಲ ಹಸಿವು ತಡೆಯುವ, ಕೈಗೆಟಕುವ ಬೆಲೆಯ ಆಹಾರ ಯಾವುದು ಎಂಬುದು ನಿತ್ಯದ ಪ್ರಶ್ನೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 7 ಗ್ರಾಂ ಪ್ರೋಟೀನು, 364 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 320 ಕಿಲೋಕ್ಯಾಲೊರಿ ಶಕ್ತಿ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ. ಪ್ರತಿ 100 ಕಿಲೋಕ್ಯಾಲೊರಿ ಶಕ್ತಿಯೊಡನೆ ದೊರೆಯುವ ನಾರಿನ ಲೆಕ್ಕ ಹೀಗಿದೆ:

- ಚಿಯಾ: ಸುಮಾರು 7 ಗ್ರಾಂ
- ರಾಗಿ: ಸುಮಾರು 3.5 ಗ್ರಾಂ
- ಪಾಲಿಶ್ ಅಕ್ಕಿ: ಸುಮಾರು 0.8 ಗ್ರಾಂ

ತೂಕಕ್ಕೆ ತೂಕ ಹೋಲಿಸಿದರೆ ಚಿಯಾದಲ್ಲಿ ನಾರು ಹೆಚ್ಚು. ಆದರೆ ಚಿಯಾವನ್ನು ತಿನ್ನುವುದು ಚಮಚದ ಲೆಕ್ಕದಲ್ಲಿ. ರಾಗಿಯನ್ನು ಉಣ್ಣುವುದು ಊಟದ ಲೆಕ್ಕದಲ್ಲಿ. 100 ಗ್ರಾಂ ಹಿಟ್ಟಿನ ಒಂದು ಮುದ್ದೆಯಿಂದ ದೊರೆಯುವಷ್ಟು ನಾರಿಗೆ ಸುಮಾರು ಮೂರು ದೊಡ್ಡ ಚಮಚ ಚಿಯಾ ಬೇಕಾಗುತ್ತದೆ. ಅನ್ನದ ಬದಲು ಮುದ್ದೆ, ಜೊತೆಗೆ ಕಾಳು ಮತ್ತು ಸೊಪ್ಪು ಉಣ್ಣುವವರಿಗೆ ಚಿಯಾದಿಂದ ಸೇರುವ ಲಾಭ ಕಡಿಮೆ. ಮೈದಾ, ಬಿಳಿ ಅನ್ನ ಮತ್ತು ಕರಿದ ತಿನಿಸುಗಳೇ ಹೆಚ್ಚಾಗಿರುವ ಆಹಾರಕ್ರಮದಲ್ಲಿ ಮೊಸರು, ಮಜ್ಜಿಗೆ ಅಥವಾ ರಾಗಿ ಅಂಬಲಿಗೆ ಬೆರೆಸಿದ ನೆನೆದ ಚಿಯಾ ನಾರಿನ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲದು.

ಸೇವನೆ ಮತ್ತು ಎಚ್ಚರಿಕೆಗಳು

- ಒಣ ಬೀಜವನ್ನು ಹಾಗೆಯೇ ನುಂಗಿ ಮೇಲೆ ನೀರು ಕುಡಿಯುವುದು ಅಪಾಯಕಾರಿ. 2014ರಲ್ಲಿ ಅಮೆರಿಕದ ಜೀರ್ಣಾಂಗ ತಜ್ಞರ ಸಮ್ಮೇಳನದಲ್ಲಿ ವರದಿಯಾದ ಪ್ರಕರಣವೊಂದರಲ್ಲಿ ಹೀಗೆ ಮಾಡಿದ 39 ವರ್ಷದ ವ್ಯಕ್ತಿಯ ಅನ್ನನಾಳದಲ್ಲಿ ಬೀಜಗಳು ಉಬ್ಬಿ ತಡೆಯುಂಟಾಗಿತ್ತು. ಬೀಜವನ್ನು ಸಾಕಷ್ಟು ನೀರಿನಲ್ಲಿ ಅರ್ಧ ಗಂಟೆಯಾದರೂ ನೆನೆಸಿ, ಪೂರ್ಣವಾಗಿ ಉಬ್ಬಿದ ನಂತರ ಸೇವಿಸಬೇಕು.
- ನುಂಗಲು ತೊಂದರೆ ಇರುವವರು, ಕರುಳು ಕಿರಿದಾಗಿರುವವರು ಹಾಗೂ ಚಿಕ್ಕ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ.
- ನಾರಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ, ವಾಯು ಅಥವಾ ಮಲಬದ್ಧತೆ ಉಂಟಾಗಬಹುದು. ಒಂದೆರಡು ಸಣ್ಣ ಚಮಚಗಳಿಂದ ಆರಂಭಿಸಿ, ದಿನವಿಡೀ ನೀರು ಕುಡಿಯುವುದು ಸೂಕ್ತ.
- ಮಧುಮೇಹ, ರಕ್ತದೊತ್ತಡ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸೇವಿಸುವವರು ಹೆಚ್ಚು ಪ್ರಮಾಣದಲ್ಲಿ ಬಳಸುವ ಮುನ್ನ ವೈದ್ಯರ ಸಲಹೆ ಪಡೆಯಬೇಕು. ಚಿಯಾ ಔಷಧಕ್ಕೆ ಬದಲಿಯಲ್ಲ.
- ಊಟವನ್ನೇ ಬಿಟ್ಟು ಚಿಯಾ ನೀರು ಕುಡಿಯುವುದರಿಂದ ಪ್ರೋಟೀನು ಮತ್ತಿತರ ಪೋಷಕಾಂಶಗಳ ಕೊರತೆ ಉಂಟಾಗಬಹುದು. ಬೆಳೆಯುವ ಮಕ್ಕಳು, ಗರ್ಭಿಣಿಯರು ಮತ್ತು ದೈಹಿಕ ಶ್ರಮದ ಕೆಲಸ ಮಾಡುವವರಿಗೆ ಇದು ತಕ್ಕದ್ದಲ್ಲ.

ಸಾರಾಂಶ

ನೆನೆಸಿದ ಚಿಯಾ ಬೀಜವು ನಾರು, ಪ್ರೋಟೀನು ಮತ್ತು ಒಮೇಗಾ-3 ಕೊಬ್ಬನ್ನು ಒದಗಿಸುವ ಪೌಷ್ಟಿಕ ಆಹಾರ. ಎರಡು ಊಟಗಳ ನಡುವಿನ ಹಸಿವನ್ನು ಇದು ಕೆಲವರಲ್ಲಿ ತಗ್ಗಿಸಬಲ್ಲದು. ತೂಕದ ಮೇಲಿನ ಪರಿಣಾಮವು ಅಲ್ಪವಾದುದು ಮತ್ತು ಒಟ್ಟು ಆಹಾರದ ಮಿತಿಯನ್ನು ಅವಲಂಬಿಸಿದುದು. ಇದೇ ಉದ್ದೇಶಕ್ಕೆ ರಾಗಿ, ಹುರುಳಿ, ಅವರೆ ಮತ್ತು ಸೊಪ್ಪುಗಳಂತಹ ನಾರು ಹೆಚ್ಚಿರುವ ಸ್ಥಳೀಯ ಆಹಾರಗಳನ್ನೂ ಬಳಸಬಹುದಾಗಿದೆ.