ತಿರುವಿನ ಗುಟ್ಟು ಬಿಡಿಸಿದ ಸಾರೋಟು

ಸ್ಟೀರಿಂಗ್ ತಿರುಗಿಸಿದಾಗ ಕಾರಿನ ಮುಂದಿನ ಎರಡೂ ಚಕ್ರಗಳು ಒಂದೇ ಸಮನಾಗಿ ಹೊರಳುತ್ತವೆ ಎಂದೇ ಹೆಚ್ಚಿನವರ ಎಣಿಕೆ. ವಾಸ್ತವ ಹಾಗಿಲ್ಲ. ತಿರುವಿನ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ತುಸು ಹೆಚ್ಚು ಹೊರಳುತ್ತದೆ. ಈ ‘ತುಸು’ವಿನ ಹಿಂದಿರುವ ಇತಿಹಾಸ ಮೋಟಾರು ಕಾರಿಗಿಂತಲೂ ಹಳೆಯದು.

ಎರಡು ಚಕ್ರದ ಎತ್ತಿನ ಗಾಡಿಗೆ ಈ ತೊಡಕಿಲ್ಲ. ಎತ್ತು ಹೊರಳಿದತ್ತ ಗಾಡಿಯೂ ಹೊರಳುತ್ತದೆ. ಆದರೆ 18ನೇ ಶತಮಾನದ ಯೂರೋಪಿನ ನಾಲ್ಕು ಚಕ್ರದ ಸಾರೋಟುಗಳಲ್ಲಿ ಮುಂದಿನ ಅಚ್ಚು ನಡುವಿನ ಒಂದೇ ಗೂಟದ ಮೇಲೆ ಇಡಿಯಾಗಿ ತಿರುಗುತ್ತಿತ್ತು. ಕಡಿದಾದ ತಿರುವಿನಲ್ಲಿ ಚಕ್ರಗಳು ಗಾಡಿಯ ಒಡಲಿನಡಿ ಸರಿದು, ಆಧಾರ ಕಿರಿದಾಗಿ, ಸಾರೋಟು ಮಗುಚುವ ಅಪಾಯವಿತ್ತು. ಒಡಲಿನಡಿ ನುಸುಳಬೇಕಾದ ಕಾರಣ ಮುಂದಿನ ಚಕ್ರಗಳನ್ನು ಚಿಕ್ಕದಾಗಿಯೇ ಮಾಡಬೇಕಿತ್ತು. ಚಿಕ್ಕ ಚಕ್ರ ರಸ್ತೆಯ ಗುಂಡಿಗೆ ಬೇಗ ಇಳಿಯುತ್ತಿತ್ತು.

ಇಂಗ್ಲೆಂಡಿನ ಲಿಚ್‌ಫೀಲ್ಡ್‌ನ ವೈದ್ಯ ಎರಾಸ್ಮಸ್ ಡಾರ್ವಿನ್ ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಮೊದಲಿಗ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ಗೆ ಈತ ಅಜ್ಜ. ರೋಗಿಗಳ ಮನೆಗಳಿಗೆ ಸದಾ ಗಾಡಿಯಲ್ಲಿ ಅಲೆಯುತ್ತಿದ್ದ ಈತ, ಅಚ್ಚನ್ನು ಅಲುಗಿಸದೆ ಚಕ್ರಗಳನ್ನಷ್ಟೇ ತಿರುಗಿಸುವ ವಿಧಾನವನ್ನು ರೂಪಿಸಿದ. ಆದರೆ ಪೇಟೆಂಟ್ ಪಡೆಯಲಿಲ್ಲ; ವಿಚಾರ ಮೂಲೆಗುಂಪಾಯಿತು. 1768ರಲ್ಲಿ ಗಾಡಿ ಅಪಘಾತವೊಂದರಲ್ಲಿ ಆತನ ಮಂಡಿಚಿಪ್ಪು ಮುರಿಯಿತು.

ಅದೇ ವಿಚಾರಕ್ಕೆ ಮರುಜನ್ಮ ದೊರೆತದ್ದು ಮ್ಯೂನಿಕ್‌ನಲ್ಲಿ. ಸಾರೋಟು ತಯಾರಕ ಗೇಯೋರ್ಗ್ ಲಾಂಕೆನ್‌ಸ್ಪೆರ್ಗರ್ ಅಚ್ಚನ್ನು ಸ್ಥಿರವಾಗಿಟ್ಟು, ಅದರ ಎರಡೂ ತುದಿಗಳಲ್ಲಿ ಒಂದೊಂದು ಕೀಲು ಇರಿಸಿದ. ಎರಡು ಕೀಲುಗಳ ತೋಳುಗಳನ್ನು ಅಡ್ಡಸರಳೊಂದು ಬೆಸೆಯಿತು. ತೋಳುಗಳು ಓರೆಯಾಗಿದ್ದರೆ ಒಳಚಕ್ರ ತಾನಾಗಿಯೇ ಹೆಚ್ಚು ಹೊರಳುತ್ತದೆ. ಒಳಚಕ್ರದ್ದು ಚಿಕ್ಕ ವೃತ್ತ, ಹೊರಚಕ್ರದ್ದು ದೊಡ್ಡದು. ಆದ್ದರಿಂದ ಎರಡೂ ಉಜ್ಜದೆ ಉರುಳುತ್ತವೆ.

1818ರಲ್ಲಿ ಲಾಂಕೆನ್‌ಸ್ಪೆರ್ಗರ್ ಪರವಾಗಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದವನು ಲಂಡನ್ನಿನ ಪ್ರಕಾಶಕ ರುಡಾಲ್ಫ್ ಆಕರ್‌ಮನ್. ಕಂಡುಹಿಡಿದವನ ಹೆಸರು ಹಿಂದೆ ಸರಿಯಿತು. ಈ ವ್ಯವಸ್ಥೆಗೆ ಇಂದಿಗೂ ‘ಆಕರ್‌ಮನ್ ಸ್ಟೀರಿಂಗ್’ ಎಂದೇ ಹೆಸರು! ಆದರೆ ಅಲ್ಲಿನ ಸಾರೋಟು ತಯಾರಕರು ಇದಕ್ಕೆ ಒಲಿಯಲಿಲ್ಲ.

ಕುದುರೆಯ ಜಾಗಕ್ಕೆ ಯಂತ್ರ ಬಂದಾಗಲೇ ಇದರ ಬೆಲೆ ತಿಳಿದದ್ದು. 1873ರಲ್ಲಿ ಫ್ರಾನ್ಸಿನ ಅಮೆಡೆ ಬೊಲ್ಲೆ ತನ್ನ ಉಗಿಬಂಡಿಯ ಮುಂದಿನ ಚಕ್ರಗಳಿಗೆ ಬೇರೆ ಬೇರೆ ಕೀಲು ಕೊಟ್ಟ. ಆ ಬಂಡಿಗೆ ಇಟ್ಟ ಹೆಸರೇ ‘ಆಜ್ಞಾಧಾರಕಿ’ ಎಂಬ ಅರ್ಥದ್ದು. ಜರ್ಮನಿಯ ಕಾರ್ಲ್ ಬೆಂಜ್‌ನ 1886ರ ಮೊದಲ ಕಾರಿಗೆ ಮೂರೇ ಚಕ್ರ. ನಾಲ್ಕು ಚಕ್ರದ ಗಾಡಿಯನ್ನು ತಿರುಗಿಸುವ ಬಗೆ ಆಗಿನ್ನೂ ಆತನಿಗೆ ತೃಪ್ತಿಕರವಾಗಿ ಬಗೆಹರಿದಿರಲಿಲ್ಲ. 1893ರಲ್ಲಿ ಇಂಥದೇ ಜೋಡಿಕೀಲಿನ ಸ್ಟೀರಿಂಗಿಗೆ ಪೇಟೆಂಟ್ ಪಡೆದ ಬಳಿಕವೇ ಆತನ ನಾಲ್ಕು ಚಕ್ರದ ‘ವಿಕ್ಟೋರಿಯಾ’ ಹೊರಬಂತು.

ಇಂದು ಕಾರಿನ ಮುಂಭಾಗವನ್ನು ತಗ್ಗಿಸಿ ಓಟದ ಕಾರಿನಂತೆ ಮಾಡಿಸುವವರೂ ಈ ಲೆಕ್ಕದಿಂದ ಹೊರಗಿಲ್ಲ. ಸ್ಪ್ರಿಂಗ್ ಗಿಡ್ಡವಾದರೆ ಅಡ್ಡಸರಳಿನ ಓರೆ ಬದಲಾಗುತ್ತದೆ. ಆಗ ರಸ್ತೆಯ ಉಬ್ಬು ಹತ್ತಿದರೆ ಸಾಕು, ಸ್ಟೀರಿಂಗ್ ಮುಟ್ಟದಿದ್ದರೂ ಚಕ್ರ ತುಸು ಹೊರಳಬಹುದು. ನೋಟಕ್ಕೆ ಚೆಂದವಾದ ಗಾಡಿ ತಿರುವಿನಲ್ಲಿ ಮಾತು ಕೇಳದೆ ಹೋಗುವುದು ಹೀಗೆ. ಸಾರೋಟಿನ ಕಾಲದ ಪಾಠ ಇನ್ನೂ ಹಳತಾಗಿಲ್ಲ.