ಕೋ-ವರ್ಕಿಂಗ್ ಜಾಗದಲ್ಲಿ ಬೇರೆ ಬೇರೆ ಕೆಲಸದವರು ಒಟ್ಟಿಗೆ ಕೂತರೆ ಸಾಕೇ? ಹೊಸ ಐಡಿಯಾ ಹುಟ್ಟುತ್ತದೆಯೇ?

"ಡಿಸೈನರ್, ಸಿಎ, ಆ್ಯಪ್ ಮಾಡುವವರು ಒಂದೇ ಸೂರಿನಡಿ ಕೂತರೆ ಹೊಸ ಐಡಿಯಾಗಳು ತಾವಾಗಿಯೇ ಹುಟ್ಟುತ್ತವೆ." ಕೋ-ವರ್ಕಿಂಗ್ ಜಾಗಗಳ ಬಗ್ಗೆ ಇಂಥ ಮಾತನ್ನು ನೀವೂ ಕೇಳಿರಬಹುದು. ತಿಂಗಳ ಬಾಡಿಗೆ ಕಟ್ಟಿ ಸೀಟು ಹಿಡಿಯುವ ಮೊದಲು ಇದು ಎಷ್ಟು ನಿಜ ಎಂದು ನೋಡೋಣ.

ಚುಟುಕು ಉತ್ತರ: ಅರ್ಧ ನಿಜ. ವೈವಿಧ್ಯದಿಂದ ಲಾಭವಿದೆ, ಆದರೆ ಪರಸ್ಪರ ಮಾತನಾಡಿದರೆ ಮಾತ್ರ.

ಅಧ್ಯಯನ ಏನು ಹೇಳುತ್ತದೆ?

ಅಮೆರಿಕದ ಒಂದು ದೊಡ್ಡ ಕೋ-ವರ್ಕಿಂಗ್ ಕೇಂದ್ರದಲ್ಲಿದ್ದ 251 ಸ್ಟಾರ್ಟಪ್‌ಗಳನ್ನು ಮರಿಯಾ ರೋಶ್, ಅಲೆಕ್ಸಾಂಡರ್ ಓಟ್ಲ್ ಮತ್ತು ಕ್ರಿಶ್ಚಿಯನ್ ಕ್ಯಾಟಲಿನಿ ಅಧ್ಯಯನ ಮಾಡಿದರು. ಅಲ್ಲಿ ಯಾರ ಪಕ್ಕ ಯಾರು ಎಂಬುದು ಕಂಪನಿಗಳ ಆಯ್ಕೆಯಾಗಿರಲಿಲ್ಲ. ಹಾಗಾಗಿ "ಮೊದಲೇ ಸ್ನೇಹಿತರಾಗಿದ್ದವರು ಅಕ್ಕಪಕ್ಕ ಕೂತರು" ಎನ್ನುವ ಅನುಮಾನಕ್ಕೆ ಎಡೆಯಿಲ್ಲ.

ಒಂದು ಕಂಪನಿ ಬಳಸುತ್ತಿದ್ದ ವೆಬ್ ತಂತ್ರಜ್ಞಾನವನ್ನು ಇನ್ನೊಂದು ಕಂಪನಿ ಅಳವಡಿಸಿಕೊಂಡಿತೇ ಎಂಬುದೇ ಅವರ ಅಳತೆಗೋಲು. ಕಂಡುಬಂದ ಅಂಶಗಳು ಹೀಗಿವೆ:

• ಹತ್ತಿರ ಇದ್ದವರಿಂದ ಕಲಿಕೆ ಹೆಚ್ಚು. ಅಂತರ 20 ಮೀಟರ್ ದಾಟಿದರೆ, ಒಂದೇ ಮಹಡಿಯಲ್ಲಿದ್ದರೂ ಬೇರೆ ಮಹಡಿಯಲ್ಲಿದ್ದಂತೆಯೇ.
• ಒಂದೇ ಥರದವರಿಗಿಂತ, ಭಿನ್ನವಾಗಿದ್ದೂ ಒಡನಾಟ ಇದ್ದವರ ನಡುವೆ ಕಲಿಕೆ ಅತಿ ಹೆಚ್ಚು.
• ವೈವಿಧ್ಯ ತೀರಾ ಕಡಿಮೆಯೂ ಅಲ್ಲದ, ಅತಿಯೂ ಅಲ್ಲದ ಕಡೆ ಇದ್ದ ಸ್ಟಾರ್ಟಪ್‌ಗಳು ಚೆನ್ನಾಗಿ ಬೆಳೆದವು. ಅದೂ ಇತರರೊಡನೆ ಬೆರೆತಾಗ ಮಾತ್ರ.

ಹೀಗೇಕೆ?

ನಿಮ್ಮದೇ ಕೆಲಸ ಮಾಡುವವರಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಹೊರಗಿನವರಿಂದ. ಹತ್ತಿರದ ಗೆಳೆಯರಿಗಿಂತ ಬರೀ ಮುಖಪರಿಚಯದವರಿಂದಲೇ ಹೊಸ ಮಾಹಿತಿ ಹೆಚ್ಚಾಗಿ ಸಿಗುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲೇ ವಾದಿಸಿದ್ದರು. ಆದರೆ ಇಬ್ಬರ ಕೆಲಸಕ್ಕೂ ಸಂಬಂಧವೇ ಇಲ್ಲದಿದ್ದರೆ ಕೇಳಿದ್ದು ಉಪಯೋಗಕ್ಕೆ ಬರುವುದು ಕಷ್ಟ.

ನೀವೇನು ಮಾಡಬಹುದು?

ಸೀಟು ನೋಡಲು ಹೋದಾಗ ವೈಫೈ ವೇಗದ ಜೊತೆಗೆ, ಅಕ್ಕಪಕ್ಕ ಯಾವ ಕೆಲಸದವರಿದ್ದಾರೆ ಎಂದೂ ಕೇಳಿ. ಎಲ್ಲರೂ ಸೇರಿ ಚಹಾ ಕುಡಿಯುವ ಜಾಗ ಇದೆಯೇ ನೋಡಿ. ಸೇರಿದ ಮೇಲೆ ಇಡೀ ದಿನ ಹೆಡ್‌ಫೋನ್ ಹಾಕಿಕೊಂಡು ಕೂರಬೇಡಿ.

ನೆನಪಿಡಿ: ಇದು ಒಂದೇ ಕೇಂದ್ರದ, ತಂತ್ರಜ್ಞಾನ ಕಂಪನಿಗಳ ಅಧ್ಯಯನ. ಎಲ್ಲ ಕಚೇರಿಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎನ್ನಲಾಗದು. ಆದರೂ "ಒಟ್ಟಿಗೆ ಕೂತರೆ ಸಾಕು" ಎಂಬ ಫಾರ್ವರ್ಡ್ ಬಂದರೆ, "ಮಾತನಾಡಿದರೆ ಮಾತ್ರ" ಎಂದು ಸೇರಿಸಿ ಕಳುಹಿಸಿ.