ಹಳೆಯ ಕನ್ನಡ ಚಿತ್ರಗಳ ರಸಿಕಲೋಕ: ಹಾಡಿನ ಪುಸ್ತಕದಿಂದ ಮರುಜೀವದವರೆಗೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ನಿರ್ದೇಶಕರು ವೈ.ವಿ. ರಾವ್. ಸುಬ್ಬಯ್ಯನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ, ತ್ರಿಪುರಾಂಬ ಸುಲೋಚನೆಯಾಗಿ ಅಭಿನಯಿಸಿದ್ದರು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಇಷ್ಟೆಲ್ಲ ವಿವರ ಗೊತ್ತಿದ್ದರೂ ಆ ಚಿತ್ರವನ್ನು ಇಂದು ಯಾರೂ ನೋಡಲಾರರು, ಏಕೆಂದರೆ ಅದರ ಒಂದು ಪ್ರತಿಯೂ ಉಳಿದಿಲ್ಲ. ಕೆಲವು ಸ್ಥಿರಚಿತ್ರಗಳು, ಜಾಹೀರಾತುಗಳು, ಅದರಲ್ಲಿ ದುಡಿದವರ ನೆನಪುಗಳು ಮಾತ್ರ ಅದನ್ನು ಚರಿತ್ರೆಯಲ್ಲಿ ಉಳಿಸಿವೆ. ಹಳೆಯ ಕನ್ನಡ ಚಿತ್ರಗಳ ಬಗ್ಗೆ ರಸಿಕರು ಆಡುತ್ತ ಬಂದ ಮಾತಿಗೆ ಇರುವ ಮಹತ್ವ ಇಲ್ಲಿಂದಲೇ ಸ್ಪಷ್ಟವಾಗುತ್ತದೆ. ಚಿತ್ರದ ಸುರುಳಿ ಹಾಳಾದ ಕಡೆಗಳಲ್ಲೆಲ್ಲ ಅದರ ನೆನಪನ್ನು ದಾಟಿಸಿದವರು ನೋಡುಗರೇ.

ಮೊದಲ ಎರಡು ದಶಕಗಳಲ್ಲಿ ಕನ್ನಡ ಚಿತ್ರಗಳ ಸಂಖ್ಯೆ ತೀರ ಕಡಿಮೆ. ಎಷ್ಟೋ ವರ್ಷಗಳಲ್ಲಿ ಒಂದೆರಡು ಬಂದರೆ ಹೆಚ್ಚು. ಒಂದೂ ಬಾರದ ವರ್ಷಗಳಿದ್ದವು. ಆಗಿನ ಪ್ರೇಕ್ಷಕರು ತೆರೆಯ ಮೇಲಿನ ನಟನನ್ನು ಅಳೆಯುತ್ತಿದ್ದದ್ದು ಕಂಪನಿ ನಾಟಕದ ಅಳತೆಗೋಲಿನಿಂದ. ಕಂಠ, ಸಾಹಿತ್ಯದ ಸ್ಪಷ್ಟತೆ, ಕಂದಪದ್ಯ ಹಾಡುವ ಶಕ್ತಿ, ಕಿರೀಟ ಹೊತ್ತಾಗಿನ ಗತ್ತು ಇವೇ ಚರ್ಚೆಯ ವಿಷಯಗಳು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಾತ್ರ ಮಾಡಿದವರು ಸಿನಿಮಾದಲ್ಲಿ ಕಂಡಾಗ, ರಂಗದ ಮೇಲೆ ಅವರನ್ನು ಕಂಡಿದ್ದವರ ಮಾತಿಗೆ ಊರಿನಲ್ಲಿ ಹೆಚ್ಚಿನ ಬೆಲೆ ಇರುತ್ತಿತ್ತು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಸಂಸಾರ ನೌಕ’ (1936) ಸಾಮಾಜಿಕ ಕಥೆಯನ್ನು ತಂದು ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ ಅವರನ್ನು ಪರಿಚಯಿಸಿದ ಮೇಲೆ ಪೌರಾಣಿಕದಾಚೆಗೂ ಮಾತು ಹೊರಳಲು ದಾರಿಯಾಯಿತು.

ಈ ಕಾಲದ ಅತಿ ಮುಖ್ಯ ದಾಖಲೆ ಹಾಡಿನ ಪುಸ್ತಕ. ಚಿತ್ರಮಂದಿರದ ಬಾಗಿಲಲ್ಲಿ ಬಿಡಿಕಾಸಿಗೆ ಮಾರುತ್ತಿದ್ದ ಈ ತೆಳು ಪುಸ್ತಿಕೆಯಲ್ಲಿ ಪಾತ್ರವರ್ಗ, ತಂತ್ರಜ್ಞರ ಹೆಸರು, ಹಾಡುಗಳ ಸಾಹಿತ್ಯ ಮತ್ತು ಅರ್ಧಕ್ಕೆ ನಿಲ್ಲಿಸಿದ ಕಥಾಸಾರಾಂಶ ಇರುತ್ತಿದ್ದವು. ಕೊನೆ ಏನಾಯಿತೆಂದು ತಿಳಿಯಲು ಚಿತ್ರವನ್ನೇ ನೋಡಬೇಕಿತ್ತು. ಮನೆಯಲ್ಲಿ ಹಾಡಲು ಕೊಂಡ ಈ ಪುಸ್ತಕಗಳು, ಪ್ರತಿ ಉಳಿಯದ ಎಷ್ಟೋ ಚಿತ್ರಗಳಿಗೆ ಇಂದು ಏಕೈಕ ಆಧಾರವಾಗಿ ಪರಿಣಮಿಸಿವೆ. ಚರಿತ್ರೆ ಬರೆಯುವವರು ಗ್ರಂಥಾಲಯಗಳಿಗಿಂತ ಇವನ್ನು ಕೂಡಿಟ್ಟ ಹವ್ಯಾಸಿಗಳಿಗೆ ಹೆಚ್ಚು ಋಣಿಗಳು.

1954ರಲ್ಲಿ ಬಂದ ‘ಬೇಡರ ಕಣ್ಣಪ್ಪ’ ಮುತ್ತುರಾಜ್ ಎಂಬ ರಂಗನಟನನ್ನು ರಾಜ್‌ಕುಮಾರ್ ಆಗಿಸಿತು. ಜೊತೆಗೆ ಕಲ್ಯಾಣ್‌ಕುಮಾರ್, ಉದಯಕುಮಾರ್ ಬೆಳೆದು ‘ಕುಮಾರತ್ರಯರು’ ಎಂಬ ಹೆಸರು ಚಾಲ್ತಿಗೆ ಬಂತು. ಮೂವರಲ್ಲಿ ಯಾರು ಮೇಲು ಎಂಬ ವಾದ ಕನ್ನಡದಲ್ಲಿ ತಾರೆಯರನ್ನು ಹೋಲಿಸಿ ಮಾತಾಡುವ ಪದ್ಧತಿಯ ಆರಂಭ ಎನ್ನಬಹುದು. ನಗರದ ಚಿತ್ರಮಂದಿರಗಳಲ್ಲಿ ಓಡಿ ಸವೆದ ಪ್ರತಿಗಳು ಜಿಲ್ಲಾ ಕೇಂದ್ರಗಳಿಗೆ, ಅಲ್ಲಿಂದ ಟೂರಿಂಗ್ ಟಾಕೀಸುಗಳಿಗೆ ಇಳಿಯುತ್ತಿದ್ದವು. ಟೆಂಟಿನ ಗಾಂಧಿ ಕ್ಲಾಸಿನಲ್ಲಿ ನೆಲದ ಮೇಲೆ ಕೂತ ಪ್ರೇಕ್ಷಕನಿಗೆ ಎಂಟು ಹತ್ತು ವರ್ಷದ ಹಿಂದಿನ ಚಿತ್ರವೂ ಹೊಸತೇ. ಒಂದೇ ತಿಂಗಳಲ್ಲಿ ‘ಬೇಡರ ಕಣ್ಣಪ್ಪ’, ‘ರಣಧೀರ ಕಂಠೀರವ’ (1960), ‘ಕಿತ್ತೂರು ಚೆನ್ನಮ್ಮ’ (1961) ನೋಡಿದವರ ನೆನಪಿನಲ್ಲಿ ಈ ಮೂರೂ ಒಂದೇ ಕಾಲದ ಚಿತ್ರಗಳಾಗಿ ಕೂತವು. ಹಳ್ಳಿಯ ಹಿರಿಯರು ಚಿತ್ರಗಳ ವರ್ಷವನ್ನು ಹಿಂದುಮುಂದಾಗಿ ಹೇಳುವುದಕ್ಕೆ ಮರೆವು ಕಾರಣವಲ್ಲ. ಅವರು ನೋಡಿದ ಕ್ರಮವೇ ಹಾಗಿತ್ತು. ‘ಹಳೆಯ ಚಿತ್ರ’ ಎಂಬ ಪ್ರತ್ಯೇಕ ಕಲ್ಪನೆ ಜನರಲ್ಲಿ ಬಲವಾಗಿ ಮೂಡಿದ್ದು ಬಣ್ಣ ಬಂದ ಮೇಲೆ. ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ (1964) ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ಮುಂದಿನ ಒಂದು ದಶಕದ ಅವಧಿಯಲ್ಲಿ ಕಪ್ಪು ಬಿಳುಪು ನಿಧಾನವಾಗಿ ಹಿಂದೆ ಸರಿಯಿತು.

ಅರವತ್ತು ಮತ್ತು ಎಪ್ಪತ್ತರ ದಶಕಗಳು ಈ ರಸಿಕತೆಯ ಸಮೃದ್ಧ ಕಾಲ. ಅದಕ್ಕೆ ಕಾರಣ ಕನ್ನಡಕ್ಕೆ ವಿಶಿಷ್ಟವಾದ ಒಂದು ಸಂಗತಿ. ಪ್ರೇಕ್ಷಕರಲ್ಲಿ ದೊಡ್ಡ ಪಾಲು, ಅದರಲ್ಲೂ ಹೆಣ್ಣುಮಕ್ಕಳು, ಕಾದಂಬರಿ ಓದುಗರಾಗಿದ್ದರು. ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ (1967) ಮತ್ತು ‘ಶರಪಂಜರ’ (1971) ಚಿತ್ರಗಳನ್ನು ತ್ರಿವೇಣಿಯವರ ಕಾದಂಬರಿಗಳಿಂದ, ‘ಗೆಜ್ಜೆಪೂಜೆ’ಯನ್ನು (1969) ಎಂ.ಕೆ. ಇಂದಿರಾ ಅವರ ಕೃತಿಯಿಂದ, ‘ನಾಗರಹಾವು’ (1972) ಚಿತ್ರವನ್ನು ತ.ರಾ.ಸು. ಅವರ ಬರಹದಿಂದ ಮಾಡಿದರು. ಟಿ.ಕೆ. ರಾಮರಾಯರ ಕಾದಂಬರಿ ‘ಬಂಗಾರದ ಮನುಷ್ಯ’ವಾಯಿತು. ಹೀಗಾಗಿ ಚಿತ್ರಮಂದಿರದಿಂದ ಹೊರಬಂದವರ ಮಾತಿನಲ್ಲಿ ನಟನೆಯಷ್ಟೇ ಕಥೆಯ ನಿಷ್ಠೆಯೂ ಚರ್ಚೆಗೆ ಬರುತ್ತಿತ್ತು. ‘ಶರಪಂಜರ’ದ ಕಾವೇರಿಯ ಪಾತ್ರಕ್ಕೆ ನಟಿ ಕಲ್ಪನಾ ಕೊಟ್ಟ ಮುಖ ತ್ರಿವೇಣಿಯವರ ಓದುಗರು ಕಲ್ಪಿಸಿಕೊಂಡದ್ದೇ ಹೌದೇ? ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿಯ ಗುರು ಚಾಮಯ್ಯ ಮೇಷ್ಟ್ರು ಮಾಡಿದ್ದು ಸರಿಯೇ? ಆ ಚಿತ್ರ ಸ್ವತಃ ತ.ರಾ.ಸು. ಅವರಿಗೆ ಒಪ್ಪಿಗೆಯಾಗಲಿಲ್ಲ ಎಂಬುದು ಈ ವಾದಕ್ಕೆ ಇನ್ನಷ್ಟು ಕಾವು ಕೊಟ್ಟಿತು. ಅರ್ಧ ಶತಮಾನ ಕಳೆದರೂ ಆ ಚರ್ಚೆ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಒಂದು ಜನಪ್ರಿಯ ಚಿತ್ರದ ನೈತಿಕ ನಿಲುವನ್ನು ಸಾಮಾನ್ಯ ಪ್ರೇಕ್ಷಕರು ಇಷ್ಟು ಗಂಭೀರವಾಗಿ ತೆಗೆದುಕೊಂಡ ಉದಾಹರಣೆ ಅಪರೂಪ.

ಇದೇ ಕಾಲದಲ್ಲಿ ಸಿನಿಮಾ ಪತ್ರಿಕೆಗಳು ನೆಲೆಯೂರಿದವು. ಮದ್ರಾಸಿನಿಂದ ಬರುತ್ತಿದ್ದ ‘ವಿಜಯಚಿತ್ರ’, ಮಣಿಪಾಲದ ‘ರೂಪತಾರಾ’ ಮನೆಮನೆ ತಲುಪಿದವು. ಓದುಗರ ಪ್ರಶ್ನೋತ್ತರ ಅಂಕಣ ಇವುಗಳ ಜೀವಾಳ. ಯಾವ ಚಿತ್ರದಲ್ಲಿ ಯಾರ ಜೋಡಿ ಯಾರು, ಯಾವ ಹಾಡು ಬರೆದವರು ಚಿ. ಉದಯಶಂಕರ್ ಅವರೋ ಆರ್.ಎನ್. ಜಯಗೋಪಾಲ್ ಅವರೋ, ನರಸಿಂಹರಾಜು ಇಲ್ಲದ ರಾಜ್‌ಕುಮಾರ್ ಚಿತ್ರ ಯಾವುದು ಎಂಬಂಥ ಕುತೂಹಲಗಳು ಅಲ್ಲಿ ಅಚ್ಚಾಗಿ, ರಸಿಕರು ವಿವರ ಕೂಡಿಡುವ ಅಭ್ಯಾಸಕ್ಕೆ ಬಿದ್ದರು. ಪತ್ರಿಕೆಗಳಿಗೆ ಚಿತ್ರ ಒದಗಿಸಿದ ಸ್ಥಿರಚಿತ್ರಗ್ರಾಹಕರ ಪೈಕಿ ಭವಾನಿ ಲಕ್ಷ್ಮೀನಾರಾಯಣ ಮತ್ತು ಪ್ರಗತಿ ಅಶ್ವತ್ಥನಾರಾಯಣ ಅವರ ಹೆಸರನ್ನು ಹೇಳಲೇಬೇಕು. ಇಂದು ಹಳೆಯ ಚಿತ್ರಗಳ ಬಗ್ಗೆ ಬರುವ ಲೇಖನಗಳ ಪಕ್ಕದಲ್ಲಿ ಅಚ್ಚಾಗುವ ಅದೆಷ್ಟೋ ಛಾಯಾಚಿತ್ರಗಳು ಅವರ ಶ್ರಮದ ಫಲ.

ಆಕಾಶವಾಣಿ ಮಾಡಿದ ಕೆಲಸ ಬೇರೆ ಬಗೆಯದು. ಕೋರಿಕೆಯ ಕಾರ್ಯಕ್ರಮಗಳಲ್ಲಿ ಕೇಳುಗರ ಹೆಸರು, ಊರು ಓದಿ ಹಾಡು ಹಾಕುವ ಕ್ರಮ ಒಬ್ಬರನ್ನೊಬ್ಬರು ಕಾಣದ ರಸಿಕರನ್ನು ಪರಿಚಿತರನ್ನಾಗಿಸಿತು. ಚಿತ್ರ ಮರೆತುಹೋಗಿ ಹಾಡು ಮಾತ್ರ ಉಳಿದ ಉದಾಹರಣೆಗಳು ನೂರಾರು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್‌–ನಾಗೇಂದ್ರ ಅವರ ಸಂಗೀತದ ಬಾಳಿಕೆಗೆ ರೇಡಿಯೋದ ಪಾಲು ದೊಡ್ಡದು. ಹಳೆಯ ಚಿತ್ರಗೀತೆಗಳ ಪ್ರಿಯರಲ್ಲಿ ಇಂದಿಗೂ ನಡೆಯುವ ಒಂದು ವಾದದ ಬೇರು ಇಲ್ಲಿದೆ. ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಅವರ ದನಿ ಹೆಚ್ಚು ಒಪ್ಪುತ್ತಿತ್ತೇ, ಅಥವಾ 1974ರ ‘ಸಂಪತ್ತಿಗೆ ಸವಾಲ್’ ನಂತರ ಅವರೇ ಹಾಡತೊಡಗಿದ್ದು ಸರಿಯಾಯಿತೇ ಎಂಬುದು ಆ ವಾದ. ಮೆಲುದನಿಯ ಪ್ರೇಮಗೀತೆಗಳಲ್ಲಿ ಶ್ರೀನಿವಾಸ್ ಅವರಿಗೆ, ಭಕ್ತಿ ಮತ್ತು ರಂಗಗೀತೆಯ ಧಾಟಿಯಲ್ಲಿ ರಾಜ್‌ಕುಮಾರ್ ಅವರಿಗೆ ಮೊದಲ ಸ್ಥಾನ ಕೊಡುವವರೇ ಹೆಚ್ಚು; ಆ ತೀರ್ಮಾನ ನ್ಯಾಯವಾದದ್ದು.

‘ಬಂಗಾರದ ಮನುಷ್ಯ’ (1972) ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಮೇಲೆ ಅಭಿಮಾನದ ಮಾತಿಗೆ ಅಂಕಿಸಂಖ್ಯೆ ಸೇರಿತು. ಶತದಿನ, ಇಪ್ಪತ್ತೈದು ವಾರ, ಕೆಂಪೇಗೌಡ ರಸ್ತೆಯಲ್ಲಿ ಎಷ್ಟು ಚಿತ್ರಮಂದಿರ ಎಂಬ ಲೆಕ್ಕ ಚರ್ಚೆಯ ಕೇಂದ್ರಕ್ಕೆ ಬಂತು. 1982ರ ಗೋಕಾಕ ಚಳವಳಿಯಲ್ಲಿ ರಾಜ್‌ಕುಮಾರ್ ಬೀದಿಗಿಳಿದ ನಂತರ ಅಭಿಮಾನಿ ಸಂಘಗಳು ಭಾಷಾ ಹೋರಾಟದ ಅಂಗವಾಗಿ ಬೆಳೆದವು. ಅಭಿಮಾನಿಗಳನ್ನು ದೇವರೆಂದು ಕರೆದ ನಟನ ಸುತ್ತ ಕಟ್ಟಿದ ಈ ಸಂಘಟನೆ ರಕ್ತದಾನದಿಂದ ರಾಜ್ಯೋತ್ಸವದವರೆಗೆ ಹರಡಿತು. ಜೊತೆಯಲ್ಲಿಯೇ ಬಣಗಳೂ ಹುಟ್ಟಿದವು. ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ಒಟ್ಟಿಗೆ ನಟಿಸಿದ ಒಂದೇ ಚಿತ್ರ ‘ಗಂಧದ ಗುಡಿ’ (1973). ಅವರು ಮತ್ತೆ ಜೊತೆಯಾಗದಿರಲು ಅಭಿಮಾನಿಗಳ ನಡುವಿನ ಕಹಿಯೇ ಮುಖ್ಯ ಕಾರಣವೆಂದು ಚಿತ್ರರಸಿಕರು ಇಂದಿಗೂ ನೊಂದು ಹೇಳುತ್ತಾರೆ. ನಷ್ಟವಾದದ್ದು ಕನ್ನಡ ಚಿತ್ರರಂಗಕ್ಕೆ.

ಇನ್ನೊಂದು ದಿಕ್ಕಿನಲ್ಲಿ ಚಿತ್ರಸಮಾಜಗಳು ಬೇರೆ ಬಗೆಯ ನೋಟವನ್ನು ಕಲಿಸಿದವು. ‘ಸಂಸ್ಕಾರ’ (1970) ಹೊಸ ಅಲೆಗೆ ದಾರಿ ತೆರೆದ ಮರುವರ್ಷವೇ ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಆರಂಭವಾಯಿತು. 1973ರಲ್ಲಿ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ನೀನಾಸಂ ಚಿತ್ರಸಮಾಜ ಕಟ್ಟಿ, ಸತ್ಯಜಿತ್ ರಾಯ್, ಕುರೊಸಾವಾ ಅವರ ಚಿತ್ರಗಳನ್ನು ಮಲೆನಾಡಿನ ಅಡಿಕೆ ಬೆಳೆಗಾರರಿಗೂ ಕೂಲಿಕಾರರಿಗೂ ತೋರಿಸಿದರು. ಪ್ರದರ್ಶನದ ನಂತರ ಕೂತು ಮಾತಾಡುವುದು ಅಲ್ಲಿನ ಕ್ರಮದ ಭಾಗ. ಆದರೆ ಚಿತ್ರಸಮಾಜದ ರಸಿಕರೂ ಅಭಿಮಾನಿ ಸಂಘದವರೂ ಬಹುಕಾಲ ಪರಸ್ಪರ ಮುಖ ನೋಡಲಿಲ್ಲ. ಒಬ್ಬರಿಗೆ ‘ಕಸ್ತೂರಿ ನಿವಾಸ’ (1971) ಕಲೆಯಾಗಿ ಕಾಣಲಿಲ್ಲ, ಇನ್ನೊಬ್ಬರಿಗೆ ‘ಘಟಶ್ರಾದ್ಧ’ (1977) ಸಿನಿಮಾವಾಗಿ ಕಾಣಲಿಲ್ಲ. ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ (1964), ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (1974) ಇಂಥ ಚಿತ್ರಗಳು ಈ ಎರಡು ಗುಂಪುಗಳ ನಡುವೆ ಸೇತುವೆಯಾಗಬಹುದಿತ್ತು. ಅವುಗಳ ಗಂಭೀರ ಪರಿಶೀಲನೆ ತಡವಾಗಿ ಆರಂಭವಾಯಿತು.

ಬೆಂಗಳೂರು ದೂರದರ್ಶನ ವಾರಕ್ಕೊಂದು ಕನ್ನಡ ಚಿತ್ರ ತೋರಿಸತೊಡಗಿದಾಗ ಹಳೆಯ ಚಿತ್ರಗಳು ಮನೆಯೊಳಕ್ಕೆ ಬಂದವು. ಅದರ ‘ಚಿತ್ರಮಂಜರಿ’ ಕಾರ್ಯಕ್ರಮದಲ್ಲಿ ಹಾಡುಗಳು ಬಂದವು. 1994ರಲ್ಲಿ ಉದಯ ಟಿ.ವಿ. ಶುರುವಾದ ನಂತರ ದಿನವೂ ಹಳೆಯ ಚಿತ್ರ ಸಿಗುವಂತಾಯಿತು. ಅಜ್ಜಿ, ತಾಯಿ, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡಿದ್ದರಿಂದ ಪಂಡರಿಬಾಯಿ, ಲೀಲಾವತಿ, ಜಯಂತಿ, ಭಾರತಿ, ಆರತಿ ಅವರ ಹೆಸರು ಚಿತ್ರಮಂದಿರವನ್ನೇ ಕಾಣದ ತಲೆಮಾರಿಗೂ ದಾಟಿತು. ಇದರ ಇನ್ನೊಂದು ಮುಖ ಹಾನಿಯದು. ಜಾಹೀರಾತಿನ ಸಮಯಕ್ಕೆ ಹೊಂದಿಸಲು ಹಾಡು, ದೃಶ್ಯಗಳನ್ನು ಕತ್ತರಿಸಿದ ಪ್ರತಿಗಳೇ ಅನೇಕರಿಗೆ ಮೂಲವೆನಿಸಿದವು. ಟಿ.ವಿ. ಹಕ್ಕು ಮಾರಾಟವಾಗದ ಚಿತ್ರಗಳು ಮಾತಿನಿಂದಲೂ ಮರೆಯಾದವು.

ಹೊಸ ಶತಮಾನದಲ್ಲಿ ರಸಿಕರ ಮಾತು ಪುಸ್ತಕವಾಗಿ ಗಟ್ಟಿಗೊಂಡಿತು. ಕೆ. ಪುಟ್ಟಸ್ವಾಮಿಯವರ ‘ಸಿನಿಮಾಯಾನ’, ದೊಡ್ಡಹುಲ್ಲೂರು ರುಕ್ಕೋಜಿಯವರ ‘ಡಾ. ರಾಜ್‌ಕುಮಾರ್ ಸಮಗ್ರ ಚರಿತ್ರೆ’ ಎರಡೂ ಸಿನಿಮಾ ಕುರಿತ ಅತ್ಯುತ್ತಮ ಪುಸ್ತಕಕ್ಕಿರುವ ರಾಷ್ಟ್ರಪ್ರಶಸ್ತಿ ಪಡೆದವು. ಎರಡನೆಯದು ಅಭಿಮಾನ ಶ್ರದ್ಧೆಯಿಂದ ದುಡಿದರೆ ಎಂಥ ಸಂಶೋಧನೆಯಾಗಬಲ್ಲದು ಎಂಬುದಕ್ಕೆ ಸಾಕ್ಷಿ. 2009ರಲ್ಲಿ ಕರ್ನಾಟಕ ಚಲನಚಿತ್ರ ಅಕಾಡೆಮಿಯೂ ಸ್ಥಾಪನೆಯಾಯಿತು. ಇದೇ ಅವಧಿಯಲ್ಲಿ ಬಣ್ಣ ತುಂಬುವ ಪ್ರಯೋಗ ಬಂತು. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ, ದೊರೈ–ಭಗವಾನ್ ಅವರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಮರುಬಿಡುಗಡೆಯಾಗಿ ಜನರನ್ನು ಮತ್ತೆ ಚಿತ್ರಮಂದಿರಕ್ಕೆ ಕರೆತಂದವು. ನೆರಳು ಬೆಳಕಿನ ಲೆಕ್ಕದಲ್ಲಿ ಚಿತ್ರೀಕರಿಸಿದ ದೃಶ್ಯಕ್ಕೆ ಬಣ್ಣ ಬಳಿದರೆ ಛಾಯಾಗ್ರಾಹಕನ ಕೆಲಸ ಅಳಿಸಿಹೋಗುತ್ತದೆ ಎಂಬ ಆಕ್ಷೇಪವೂ ಇದೆ. ಅದು ಸರಿಯಾದ ಆಕ್ಷೇಪ. ಬಣ್ಣದ ಪ್ರತಿಯ ಜೊತೆಗೆ ಮೂಲದ ಕಪ್ಪು ಬಿಳುಪಿನ ಪ್ರತಿಯೂ ಶುದ್ಧರೂಪದಲ್ಲಿ ಸಿಗುವಂತಿರಬೇಕು.

ಮೂಲವನ್ನೇ ಕಾಪಾಡುವ ಕೆಲಸಕ್ಕೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ನೆಲೆ. ಪಿ.ಕೆ. ನಾಯರ್ ಅವರ ದುಡಿಮೆಯಿಂದ ಅಲ್ಲಿ ಸೇರಿದ ಸುರುಳಿಗಳಲ್ಲಿ ಕನ್ನಡದವೂ ಇವೆ. ಆದರೆ ಕನ್ನಡದ ಬಹುಪಾಲು ಚಿತ್ರಗಳು ತಯಾರಾದದ್ದು ಮದ್ರಾಸಿನಲ್ಲಿ. ನಿರ್ಮಾಪಕರು ಸೋತು ಕೈಬಿಟ್ಟ ನೆಗೆಟಿವ್‌ಗಳು ಪ್ರಯೋಗಾಲಯಗಳ ಉಗ್ರಾಣದಲ್ಲೇ ಕೊಳೆತವು, ಕೆಲವನ್ನು ಬೆಳ್ಳಿಗಾಗಿ ಕರಗಿಸಲಾಯಿತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇತರ ಸಂಸ್ಥೆಗಳ ಸಹಯೋಗದಲ್ಲಿ ಪುನರುಜ್ಜೀವಗೊಳಿಸಿ, 2024ರ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ತೋರಿಸಿದ್ದು ಕನ್ನಡಕ್ಕೆ ಸಂದ ದೊಡ್ಡ ಗೌರವ. ಪುಟ್ಟಣ್ಣನವರ ಕಪ್ಪು ಬಿಳುಪಿನ ಚಿತ್ರಗಳಿಗೂ ಇದೇ ಆರೈಕೆ ಸಲ್ಲಬೇಕು.

ರಸಿಕರ ಮಾತಿನಲ್ಲಿ ಇನ್ನೂ ತುಂಬದ ಜಾಗಗಳಿವೆ. 1943ರಲ್ಲೇ ‘ರಾಧಾರಮಣ’ ನಿರ್ಮಿಸಿದ ಎಂ.ವಿ. ರಾಜಮ್ಮ ನಟಿಯಾಗಿ ನೆನಪಿದ್ದಾರೆ, ನಿರ್ಮಾಪಕಿಯಾಗಿ ಇಲ್ಲ. ಕಲ್ಪನಾ ಅವರ ಸಾವಿನ ಬಗ್ಗೆ ಆಡಿದಷ್ಟು ಮಾತು ಅವರ ನಟನೆಯ ಕಸುಬಿನ ಬಗ್ಗೆ ನಡೆದಿಲ್ಲ. ಸಂಕಲನಕಾರರು, ಧ್ವನಿಗ್ರಾಹಕರು, ಪ್ರಸಾಧನ ಮಾಡಿದವರ ಹೆಸರು ಹಾಡಿನ ಪುಸ್ತಕದ ಮೊದಲ ಪುಟದಾಚೆಗೆ ಎಲ್ಲೂ ಕಾಣುವುದಿಲ್ಲ. ಇವರ ಚರಿತ್ರೆ ಬರೆಯಬೇಕಾದರೆ ಕಾಗದದ ಆಧಾರ ಬೇಕು. ಹಳೆಯ ಹಾಡಿನ ಪುಸ್ತಕ, ಸಿನಿಮಾ ಪತ್ರಿಕೆ, ಭಿತ್ತಿಪತ್ರ, ಫಿಲ್ಮಿನ ಡಬ್ಬ ಯಾರ ಮನೆಯ ಅಟ್ಟದಲ್ಲಿದ್ದರೂ ರದ್ದಿಗೆ ಹಾಕುವ ಮೊದಲು ಪುಣೆಯ ಸಂಗ್ರಹಾಲಯಕ್ಕೋ ಚಲನಚಿತ್ರ ಅಕಾಡೆಮಿಗೋ ತಿಳಿಸಬೇಕು. ಫೋಟೋಗಳಿದ್ದರೆ ಹಿಂಬದಿಯಲ್ಲಿ ಅದರಲ್ಲಿರುವವರ ಹೆಸರನ್ನು, ಅವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ, ಕೇಳಿ ಬರೆದಿಡಬೇಕು.